ನವಮಿಯ ದಿನ ಆರಿದ ಕುಲುಮೆ

ಯಾದಗಿರಿ
೬ ನವೆಂಬರ್ ೨೦೨೫

ಪ್ರೀತಿಯ ಅಪ್ಪಾ,

ನಿನ್ನ ಮೊಣಕಾಲು ನೋವು ವಿಚಾರಿಸಿ, ತಂಗಿ ಭಾಗ್ಯಳ ಮಕ್ಕಳಿಗೆ ಮುದ್ದು ಹೇಳಿ ಕಾಗದ ಮುಗಿಸಬೇಕೆಂದಿದ್ದೆ. ನಮ್ಮ ಪ್ರಯೋಗಾಲಯದ ಸರದಾರಸಾಬರ ಕೆಲಸ ಹೋಗುತ್ತಿರುವ ಸಂಗತಿ ಬರೆಯುವುದೇ ಬೇಡವೆಂದಿದ್ದೆ. ನೋವು ಹೇಗಿದೆ? ಗುರುಮಠಕಲ್ ಡಾಕ್ಟರರ ಗುಳಿಗೆ ಊಟವಾದ ಮೇಲೆಯೇ ತೆಗೆದುಕೊಳ್ಳುತ್ತಿದ್ದೀಯಾ? ಭಾಗ್ಯಳನ್ನು ಕೇಳಿದರೆ ನೀನು ಹೇಳಿಕೊಟ್ಟದ್ದನ್ನೇ ಹೇಳುತ್ತಾಳೆ.

ಆಯುಧಪೂಜೆಗೆ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಬಂದಾಗ ನೀನು ಕಂಡ ಕುಲುಮೆ ನೆನಪಿದೆಯಲ್ಲ. ಸೂರ್ಯನ ಬೆಳಕು ಸಾಲದಷ್ಟು ದೂರ ಹೋಗುವ ನೌಕೆಗೆ ಅಣು ಇಂಧನದ ಕಾವಿನಿಂದಲೇ ವಿದ್ಯುತ್ ಆಗಬೇಕು. ಒಂದು ಬದಿ ಕೆಂಡದಷ್ಟು ಬಿಸಿ, ಇನ್ನೊಂದು ಬದಿ ತಣ್ಣಗಿದ್ದರೆ ನಾವು ಮಾಡಿದ ತುಣುಕಿನಲ್ಲಿ ವಿದ್ಯುತ್ ಹುಟ್ಟುತ್ತದೆ. ಅದು ಎಷ್ಟು ಕಾಲ ಬಾಳುತ್ತದೆಂದು ನೋಡಲು, ಇಂಧನದ ಬದಲು ಕರೆಂಟಿನ ಕುಲುಮೆ ಇಟ್ಟು, ಹನ್ನೊಂದು ತಿಂಗಳು ಒಂದು ಗಳಿಗೆಯೂ ಆರಲು ಬಿಟ್ಟಿರಲಿಲ್ಲ.

ತಿಂಥಣಿಯ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ನವಮಿಗೆ ಮೋಟಾರು ನಿಲ್ಲಿಸಿ, ಒರೆಸಿ, ಕುಂಕುಮ ಇಟ್ಟವನು ನೀನು. "ಓಡೋ ಮಷಿನ್ನಿಗೆ ಪೂಜಿ ಮಾಡಬಾರದವ್ವಾ. ಅದಕ್ಕೂ ಒಂದೀಟು ದಮ್ ಬೇಕು" ಎಂದು ನೀನೇ ಕುಲುಮೆಯ ಸ್ವಿಚ್ ಇಳಿಸಿದೆ. ಪಾಳಿಯಲ್ಲಿದ್ದ ಸರದಾರಸಾಬರು, "ನಮಗಿಲ್ಲದ ರಜಾ ಇದಕ್ಕ ಸಿಕ್ತು ನೋಡ್ರಿ, ಮೇಡಂ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ನಾನು ಬೇಡವೆನ್ನಲಿ ಎಂದು ಕಾದರು. ನಾನು ಬಾಗಿಲಲ್ಲೇ ಇದ್ದೆ. ನನ್ನ ಕೆಲಸ ನೋಡಲು ನೀನು ಬಂದದ್ದು ಅದೇ ಮೊದಲು. ಬೇಡವೆನ್ನಲಿಲ್ಲ. ಅರ್ಧ ಗಂಟೆ ಕುಲುಮೆ ಆರಿತ್ತು. ಮತ್ತೆ ಕಾಯಿಸಿದಾಗ, ತುಣುಕನ್ನು ಲೋಹಕ್ಕೆ ಬೆಸೆದ ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಷ್ಟಕ್ಕೇ ಪರೀಕ್ಷೆ ಮುಗಿಯಿತು.

ಕಾಲೇಜಿನ ವಿಚಾರಣಾ ಕಮಿಟಿಯವರು ಅಂದು ಯಾರ ಪಾಳಿ ಎಂದು ಕೇಳಿದರು. "ನಂದೇ ಇತ್ರಿ" ಎಂದರು ಸಾಬರು. ನಿನ್ನ ಹೆಸರು ತೆಗೆಯಲಿಲ್ಲ. ನಾನು ಎದುರಿಗೇ ಕುಳಿತು ಚಹಾ ಕುಡಿದೆ. ಹೊರಗೆ ಬಂದ ಮೇಲೆ, "ಹಿರಿಯರ ಹೆಸರು ಯಾಕ ತರೋದ್ರಿ" ಎಂದರು. ಡಿಸೆಂಬರ್‌ನಿಂದ ಅವರು ಬರುವುದು ಬೇಡವಂತೆ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ದಿನಾ ಹೋಗಿ ತಣ್ಣಗಿನ ಕುಲುಮೆಯ ಪಕ್ಕ ಕುಳಿತು ಬರುತ್ತೇನೆ. ಸುಮ್ಮನಿದ್ದದ್ದು ನಿನ್ನ ಮಾನಕ್ಕೋ, ನನ್ನ ಪ್ರಾಜೆಕ್ಟಿಗೋ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಗೊತ್ತಿದ್ದೂ ಕೇಳಿಕೊಳ್ಳುತ್ತೇನೆ.

ಭಾಗ್ಯಳಿಗೆ ನೆನೆಸಿದೆನೆಂದು ಹೇಳು. ನಿನ್ನ ಪಾದಗಳಿಗೆ ನಮಸ್ಕಾರ.

ನಿನ್ನ ಮಗಳು,
ದಾನೇಶ್ವರಿ

ಇನ್ನೊಂದು ಮಾತು: ನಿನ್ನನ್ನು ಕೇಳದೆಯೇ ಕಮಿಟಿಗೆ ಬರೆದಿಟ್ಟಿದ್ದೇನೆ. ಸ್ವಿಚ್ ಇಳಿಸಿದ್ದು ನನ್ನ ತಂದೆ, ತಡೆಯಬೇಕಾಗಿದ್ದವಳು ನಾನು, ಸಾಬರದು ತಪ್ಪಿಲ್ಲ ಎಂದು. ಪ್ರಾಜೆಕ್ಟು ನನ್ನ ಕೈತಪ್ಪುತ್ತದೆ. ನೀನು ಫೋನ್ ಮಾಡಿ ಬೇಡವೆಂದರೆ ನಾನು ಮತ್ತೆ ಸುಮ್ಮನಾಗಿಬಿಡಬಹುದು. ಅದಕ್ಕೇ ಸೋಮವಾರ ಬೆಳಿಗ್ಗೆ ಅದನ್ನು ಕಮಿಟಿಯವರ ಕೈಗೆ ಕೊಟ್ಟು, ಆಮೇಲೆ ಇದನ್ನು ಅಂಚೆಗೆ ಹಾಕುತ್ತೇನೆ, ನವೆಂಬರ್ ಹತ್ತಕ್ಕೆ.