ಮಹಡಿಯ ಮೇಲೊಂದು ತವರು

ಅರೆಕೆರೆ, ಬೆಂಗಳೂರು
೧೨ ಡಿಸೆಂಬರ್ ೨೦೨೪

ಬೀಗಿತ್ತಿ ಹುಲಿಗೆವ್ವನವರಿಗೆ, ಅರೆಕೆರೆಯಿಂದ ಲಕ್ಷ್ಮಮ್ಮ ಮಾಡುವ ನಮಸ್ಕಾರಗಳು.

ಈ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಅರ್ಧ ಕ್ಷೇಮ ಎಂದು ಬರೆಯುತ್ತೇನೆ. ಬೀಗಿತ್ತಿ ಎಂದು ಕರೆದಳಲ್ಲ ಎಂದು ಸಿಟ್ಟಾಗಿ ಕಾಗದ ಹರಿಯಬೇಡಿ. ನೀವು ಒಪ್ಪಿದರೂ ಬಿಟ್ಟರೂ ನಿಮ್ಮ ಮಗಳು ರಾಜಶ್ರೀ ನನ್ನ ಮಗ ರಘುವಿನ ಹೆಂಡತಿ, ಆದ್ದರಿಂದ ನಾವಿಬ್ಬರೂ ಬೀಗಿತ್ತಿಯರೇ. ನಿಮ್ಮ ಮನೆಗೆ ಫೋನ್ ಮಾಡಿದರೆ ನಿಮ್ಮ ಯಜಮಾನರು ಹಣಮಪ್ಪನವರು ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತಾರೆ. ಅದಕ್ಕೇ ನೀವು ಕೆಲಸ ಮಾಡುವ ಅಂಗನವಾಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ. ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು, ಆಪರೇಷನ್ ಬೇಕಾಗಲಿಲ್ಲ. ಮಗುವಿಗೆ ತಲೆ ತುಂಬ ಕೂದಲು. ನಮ್ಮ ಮನೆಯವರ ಮೂಗು ಮುಖಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ, ಇವಳದು ಪುಟ್ಟ ಮೂಗು. ನಿಮ್ಮದೇ ಇರಬೇಕು. ನಿಮ್ಮನ್ನು ನೋಡಿಲ್ಲವಾದ್ದರಿಂದ ಇದು ನನ್ನ ಊಹೆ ಅಷ್ಟೇ.

ನಾನು ಬರೆಯುತ್ತಿರುವ ಕಾರಣ ನನ್ನ ಸೊಂಟ. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯಬೇಕಲ್ಲ, ಕುಳಿತರೆ ಏಳಲು ಆಗುತ್ತಿಲ್ಲ. ಬಾಣಂತಿಗೂ ಹಂಡೆಗಟ್ಟಲೆ ಬಿಸಿನೀರು ಹೊರಬೇಕು. ನೀವು ಕೆಲವು ದಿನ ಬಂದು ಇದ್ದರೆ ನನಗೆ ದೊಡ್ಡ ಉಪಕಾರವಾಗುತ್ತದೆ.

ಇಷ್ಟು ಬರೆದು ಒಮ್ಮೆ ಓದಿದೆ. ನನಗೆ ನಗು ಬಂತು. ನನ್ನ ಸೊಂಟಕ್ಕೆ ಏನೂ ಆಗಿಲ್ಲ ಹುಲಿಗೆವ್ವನವರೇ, ಕಲ್ಲಿನ ಹಾಗಿದೆ. ನಡೆದದ್ದನ್ನೇ ಹೇಳಿಬಿಡುತ್ತೇನೆ.

ರಾಜಶ್ರೀ ಮೊದಲು ನಮ್ಮ ಮಹಡಿಯ ಮೇಲಿನ ಮನೆಗೆ ಗೆಳತಿಯ ಜೊತೆ ಬಾಡಿಗೆಗೆ ಬಂದವಳು. ಬಿಟಿಎಂನಲ್ಲಿ ಆಫೀಸು, ಬೆಳಿಗ್ಗೆ ಹೋದರೆ ಸಂಜೆಗೆ ವಾಪಸು. ಮೆಟ್ಟಿಲಿಳಿಯುವಾಗ ಜೋರಾಗಿ ಮಾತಾಡುತ್ತಿದ್ದಳು. ನೀರಿನ ಮೋಟರು ಕೆಟ್ಟರೆ ನನ್ನ ಹತ್ತಿರ ಬಂದು, ಬಾಡಿಗೆ ಮಾತ್ರ ಸರಿಯಾಗಿ ಕೇಳತೀರಿ, ನೀರು ಯಾರು ಬಿಡಬೇಕ್ರಿ ಅಂತ ಜಗಳಕ್ಕೇ ನಿಲ್ಲುತ್ತಿದ್ದಳು. ರಘು ಅವಳನ್ನೇ ಮದುವೆಯಾಗುತ್ತೇನೆ ಎಂದಾಗ ನನಗೂ ಹಿಡಿಸಲಿಲ್ಲ, ಮುಚ್ಚಿಡುವುದೇಕೆ. ಮದುವೆಯಾದ ಮೇಲೆ ನೀವು ದೂರದಲ್ಲಿದ್ದು ಮಾತು ಬಿಟ್ಟಿರಿ, ನಾನು ಒಂದೇ ಮನೆಯಲ್ಲಿದ್ದು ಬಿಟ್ಟಿದ್ದೆ. ಅವಳು ಬಸುರಿಯಾದ ಮೇಲೆ ನನ್ನ ಬಿಗುಮಾನ ಇಳಿಯಿತು.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ನಿಮ್ಮ ಕಡೆಯೂ ಅದೇ ಪದ್ಧತಿ ತಾನೇ? ಅಕ್ಕಪಕ್ಕದವರು ಯಾವಾಗ ಕಳಿಸ್ತೀರಾ ಎಂದು ಕೇಳಿದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ನಾನೇ ತವರಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ನನ್ನ ಹಟ ಎಂದರೆ ಕೇಳಬೇಕೆ! ನರ್ಸಿಂಗ್ ಹೋಮಿನಿಂದ ಮನೆಗೆ ಬಂದ ದಿನದಿಂದ ನಮ್ಮ ಅತ್ತೆ ನನಗೆ ಮಾಡಿದ ಬಾಣಂತನವನ್ನೇ ಮಾಡಿದೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಕಿಟಕಿ ಬಂದ್, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ. ಕುಡಿಯಲು ನೀರು ಮಾತ್ರ ಅಳೆದು ಅಳೆದು ಕೊಟ್ಟೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ರಾಜಶ್ರೀ ಒಂದು ಮಾತೂ ಆಡಲಿಲ್ಲ. ಕೊಟ್ಟಷ್ಟು ಕುಡಿದಳು, ಹೇಳಿದಷ್ಟು ತಿಂದಳು. ಎಂಥ ಒಳ್ಳೆಯ ಸೊಸೆ ಎಂದು ನಾನು ಮನೆಯವರ ಮುಂದೆ ಹೊಗಳಿಕೊಂಡೆ.

ಆಮೇಲೆ ನರ್ಸಿಂಗ್ ಹೋಮಿನ ಸುರಭಿ ಬಂದಳು. ಮನೆಗೇ ಬಂದು ತಾಯಿ ಮಗುವನ್ನು ನೋಡಿ ಹೋಗುವ ನರ್ಸು. ಕೂಸನ್ನು ತೂಕಕ್ಕೆ ಹಾಕಿದಾಗ ಅವಳ ಮುಖ ಸಪ್ಪಗಾಯಿತು. ಮೊದಲು ಇಳಿದ ತೂಕ ಮತ್ತೆ ಏರಬೇಕಿತ್ತಂತೆ, ಇದು ಇನ್ನೂ ಇಳಿಯುತ್ತಲೇ ಇತ್ತು. ಬಟ್ಟೆ ಎಷ್ಟು ಸಲ ಒದ್ದೆಯಾಗುತ್ತೆ ಎಂದು ಕೇಳಿದಳು. ಬೆರಳು ಮಡಿಸಿ ಎಣಿಸಿದೆ, ಒಂದು ಕೈಯೂ ತುಂಬಲಿಲ್ಲ. ಕೂಸು ಅಳದೆ ಮಲಗಿರುವುದನ್ನು ನೋಡಿ ಜಾಣ ಮಗು ಎಂದುಕೊಂಡಿದ್ದೆನಲ್ಲ, ಅದಕ್ಕೆ ಅಳಲೂ ಶಕ್ತಿ ಇರಲಿಲ್ಲ. ಸುರಭಿ ಬೈಯಲಿಲ್ಲ. "ಆಂಟಿ, ಬಾಯಾರಿದಾಗೆಲ್ಲ ಇವರಿಗೆ ನೀರು ಕೊಡಿ. ಹೊಗೆ ಹಾಕ್ಬೇಡಿ, ಕಿಟಕಿ ತೆಗೀರಿ" ಎಂದಳು. ಮಗುವನ್ನು ತಾಯಿಯ ಹೊಟ್ಟೆಗೆ ಹೊಟ್ಟೆ ತಾಗುವಂತೆ ತಿರುಗಿಸಿ, ಬಾಯಿ ಅಗಲವಾಗಿ ತೆರೆಯುವವರೆಗೆ ಕಾದು ಮೊಲೆಗೆ ಹಿಡಿಸಿದಳು. ನಿದ್ದೆ ಮಾಡುತ್ತಿದ್ದರೂ ಎಬ್ಬಿಸಿ ಮತ್ತೆ ಮತ್ತೆ ಕುಡಿಸಬೇಕು ಎಂದಳು. ಮಾರನೇ ದಿನ ಡಾಕ್ಟರ್ ಹತ್ತಿರವೂ ತೋರಿಸಿದೆವು. ಈಗ ಕೂಸು ಚೆನ್ನಾಗಿ ಕುಡಿಯುತ್ತಿದೆ, ತೂಕ ಏರುತ್ತಿದೆ, ಅತ್ತರೆ ಪಕ್ಕದ ರಸ್ತೆಗೆ ಕೇಳುತ್ತದೆ. ಗಾಬರಿಯಾಗಬೇಡಿ.

ನನಗೆ ಹೆಚ್ಚು ಸಂಕಟವಾದದ್ದು ಬೇರೆ ಮಾತಿಗೆ. ಸುರಭಿ ಹೋದ ಮೇಲೆ ರಾಜಶ್ರೀ ಎರಡು ಲೋಟ ನೀರು ಗಟಗಟ ಕುಡಿದು, "ನಮ್ಮವ್ವ ಊರಾಗಿನ ಬಾಣಂತ್ಯಾರ ಮನಿಗೆಲ್ಲಾ ಹೋಗಿ, ನೀರು ಕುಡೀರಿ, ನೀರು ಕುಡೀರಿ ಅಂತ ಹೇಳತಾಳ್ರಿ" ಎಂದಳು. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಕಿರುಚಿದೆ. ಅವಳು ತಲೆ ತಗ್ಗಿಸಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಇರೂದು ಇದೊಂದ ಮನಿರಿ ಅತ್ತಿ. ಇಲ್ಲೂ ಎದುರು ಮಾತಾಡಿದ್ರ ನಾ ಎಲ್ಲಿಗೆ ಹೋಗ್ಲಿ?"

ಮೋಟರಿಗಾಗಿ ನನ್ನ ಮೇಲೆ ಹಾರಾಡಿದ ಹುಡುಗಿ, ಹಸಿದ ಕೂಸಿಗಾಗಿ ಬಾಯಿ ತೆರೆಯಲಿಲ್ಲ. ನನ್ನ ಮಗಳು ಬಿಂದುಶ್ರೀ ಬಾಣಂತನಕ್ಕೆ ಬಂದಾಗ ನನ್ನನ್ನು ಅರೆದು ಹಾಕಿದಳು. ಸಾರು ಖಾರ ಎಂದು ತಟ್ಟೆ ತಳ್ಳಿದಳು, ತಣ್ಣೀರನ್ನು ನನ್ನ ಕಣ್ಣೆದುರೇ ಕುಡಿದಳು, ನೀನು ಹೇಳೋದೆಲ್ಲ ಓಲ್ಡು ಎಂದಳು. ಬಾಣಂತಿಗೆ ಹಾಗೆ ಮುನಿಸಿಕೊಳ್ಳಲು ಒಬ್ಬರು ಬೇಕು. ನಾನು ಎಷ್ಟೇ ಪ್ರೀತಿ ಮಾಡಿದರೂ ರಾಜಶ್ರೀಗೆ ಆ ಒಬ್ಬರು ನಾನಲ್ಲ. ಈಗಲೂ ಎಲ್ಲದಕ್ಕೂ ಹೂಂ ಎನ್ನುತ್ತಾಳೆ. ನೀರೆರೆಯುವಾಗ ಅಳುತ್ತಾಳೆ, ನೀರಿನಲ್ಲಿ ನನಗೆ ಕಾಣುವುದಿಲ್ಲ ಎಂದುಕೊಂಡಿದ್ದಾಳೆ. ಸುರಭಿ ಮೊನ್ನೆ ಹೊರಡುವಾಗ ಗೇಟಿನ ಹತ್ತಿರ ನಿಂತು, "ಪಾಪು ಓಕೆ ಆಂಟಿ. ನಂಗೀಗ ಇವ್ರದ್ದೇ ಯೋಚ್ನೆ. ಹೀಗೇ ಇದ್ರೆ ಡಾಕ್ಟರ್‌ಗೆ ತೋರಿಸ್ಲೇಬೇಕು. ಇವರಮ್ಮ ಬರಲ್ವಾ?" ಎಂದು ಕೇಳಿದಳು. ಬರ್ತಾರೆ ಎಂದುಬಿಟ್ಟೆ. ಡಾಕ್ಟರಿಗೆ ತೋರಿಸುವುದು ನನ್ನ ಜವಾಬ್ದಾರಿ. ಬರ್ತಾರೆ ಎಂದ ನನ್ನ ಮಾತು ಉಳಿಸಿಕೊಡುವುದು ನಿಮ್ಮ ಕೈಯಲ್ಲಿದೆ.

ಮಗಳನ್ನು ಊರಿಗೆ ಕರೆದುಕೊಂಡು ಹೋಗಿ ಎಂದು ನಾನು ಕೇಳುತ್ತಿಲ್ಲ. ಹಣಮಪ್ಪನವರು ಹೊಸ್ತಿಲು ತುಳಿಯಬೇಡ ಅಂದಿದ್ದು ಅವಳಿಗೆ, ನಿಮ್ಮ ಕಾಲನ್ನು ಯಾರೂ ಕಟ್ಟಿಲ್ಲವಲ್ಲ. ಮಹಡಿಯ ಮೇಲಿನ ಮನೆಯನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿದ್ದೇನೆ. ಒಲೆ, ಹಂಡೆ, ತೊಟ್ಟಿಲು ಎಲ್ಲ ಅಲ್ಲಿದೆ. ನೀವು ಬಂದ ದಿನ ನಿಮ್ಮ ಮಗಳು ಮೇಲೆ ಬರುತ್ತಾಳೆ. ಅದು ಅವಳ ತವರುಮನೆ, ನೀವೇ ಯಜಮಾನಿ. ಬಾಣಂತಿಗೆ ನಿಮ್ಮ ಕಡೆಯ ಅಂಟಿನುಂಡಿ ಮಾಡುತ್ತೀರೋ, ಹಾಲು ಹೆಚ್ಚಲಿ ಎಂದು ಅಳ್ವಿ ಬೀಜದ ಪಾಯಸ ಮಾಡುತ್ತೀರೋ, ನಿಮಗೆ ಬಿಟ್ಟದ್ದು. ನಾನೊಮ್ಮೆ ಫೋನಿನಲ್ಲಿ ನೋಡಿಕೊಂಡು ಅಂಟಿನುಂಡಿ ಮಾಡಿದೆ, ಅಂಟು ಸರಿಯಾಗಿ ಹುರಿಯದೆ ರಘುವಿನ ಹಲ್ಲಿಗೆ ಕಚ್ಚಿಕೊಂಡಿತು. ರಾಜಶ್ರೀ ಅದನ್ನೂ ಚೆನ್ನಾಗೈತ್ರಿ ಎಂದು ತಿಂದಳು. ನೀವು ಕರೆಯದೆ ನಾನು ಮೆಟ್ಟಿಲು ಹತ್ತುವುದಿಲ್ಲ. ಬೀಗರ ಮನೆಗೆ ಹೋಗುವ ಹಾಗೆ ಹೂವು ಹಣ್ಣು ಹಿಡಿದುಕೊಂಡೇ ಬರುತ್ತೇನೆ.

ಊರಿನಲ್ಲಿ ಯಾರಾದರೂ ಕೇಳಿದರೆ ಬೆಂಗಳೂರಿನಲ್ಲಿ ಟ್ರೈನಿಂಗ್ ಇದೆ ಎಂದುಬಿಡಿ. ನನಗೇ ತರಬೇತಿ ಕೊಡಿ, ಸುಳ್ಳೂ ಆಗುವುದಿಲ್ಲ. ಯಾವ ಬಸ್ಸು ಎಂದು ತಿಳಿಸಿದರೆ ರಘು ಬಂದು ನಿಲ್ಲುತ್ತಾನೆ.

ನಿಮ್ಮ ದಾರಿ ನೋಡುತ್ತಿರುವ,
ಲಕ್ಷ್ಮಮ್ಮ

ಮರೆತ ಮಾತು: ಈ ಕಾಗದದ ವಿಷಯ ರಾಜಶ್ರೀಗೆ ಗೊತ್ತಿಲ್ಲ. ನಿಮಗೆ ಬರಲು ಆಗದೇ ಹೋದರೆ ಉತ್ತರ ಬರೆಯುವ ಕಷ್ಟವೂ ಬೇಡ. ನಿಮ್ಮವ್ವ ಬರ್ತೀನಿ ಅಂದರು, ನಾನೇ ಬೇಡ ಅಂದೆ ಎಂದು ಅವಳಿಗೆ ಹೇಳುತ್ತೇನೆ. ಆಗಲಾದರೂ ನನ್ನ ಮೇಲೆ ಸಿಟ್ಟು ಬಂದು ಬಾಯಿಗೆ ಬಂದಂತೆ ಬೈಯಲಿ. ಬೈಸಿಕೊಳ್ಳಲು ನಾನು ತಯಾರಿದ್ದೇನೆ.