ಏಳನೇ ಲೋಟ

ಸುಕನ್ಯ,

ನಾನು ಮುನಿಚಿನ್ನಮ್ಮ, ದೊಮ್ಮಲೂರಿನ ಈ ಮನೆಗೆ ಹಿರಿಯಳು, ಆ ಕಾಲಕ್ಕೇ ಎಸ್ಸೆಸ್ಸೆಲ್ಸಿ ಪಾಸಾದವಳು. ಶುಕ್ರವಾರ ನನ್ನ ಹಿತ್ತಲಿನ ಈಶ್ವರಿ ಬಳ್ಳಿಯ ಬೇರಿನ ಕಹಿ ಕಷಾಯ ಕುಡಿಯದವರಿಗೆ ಇಲ್ಲಿ ಕಾಫಿ ಇಲ್ಲ. ಸೊಸೆಯಾಗಿದ್ದ ನಿನಗೆ ಇದು ಗೊತ್ತು. ಕಿಡ್ನಿ ಕೆಟ್ಟು ನೀನು ಹೋಗಿ ಎರಡು ವರ್ಷವಾಯಿತು. ಮನೆಯಲ್ಲಿ ಈಗ ಆರೇ ಜನ. ಆದರೂ ಸೋಸುವಾಗ ನನ್ನ ಕೈ ಏಳು ಲೋಟ ತುಂಬಿಸುತ್ತದೆ.

ಸೋಮವಾರ ನಿನ್ನ ಮಗಳು ಪೂಜಿತಾಳ ಪಾದ ಊದಿತ್ತು. ಡಾಕ್ಟರ ಹತ್ತಿರ ಕರೆದೊಯ್ದೆ. ಮನೆಮದ್ದು ಏನು ಕೊಡುತ್ತೀರಿ ಎಂದು ಕೇಳಿದರು. ಹೆಮ್ಮೆಯಿಂದಲೇ ಚೀಲದಿಂದ ಬೇರು ತೆಗೆದು ಮೇಜಿನ ಮೇಲಿಟ್ಟೆ.

“ಇದು ಕಿಡ್ನಿ ಕೆಡಿಸುತ್ತಮ್ಮ. ಮಗೂಗೆ ಇನ್ನೂ ಹೆಚ್ಚೇನಾಗಿಲ್ಲ, ಇವತ್ತೇ ನಿಲ್ಲಿಸ್ಬಿಡಿ. ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಊದಿತ್ತಾ?”

“ಇಲ್ಲ,” ಎಂದೆ. ಬೆನ್ನ ಹಿಂದೆ ಸ್ಟೀಲ್ ಲೋಟ ಕೆಳಗಿಟ್ಟ ಸದ್ದಾಯಿತು. ತಿರುಗಿದರೆ ಯಾರೂ ಇರಲಿಲ್ಲ.

ನಿನ್ನ ಕಾಲು ಊದಿದಾಗ, ಬಾವು ಇಳಿಯಲೆಂದು ದಿನಕ್ಕೆ ಎರಡು ಲೋಟ ಮಾಡಿದ್ದೆ.

“ಆಗಲ್ಲ ಅತ್ತೆ, ವಾಂತಿ ಬರುತ್ತೆ.”

“ಮೂಗು ಮುಚ್ಕೊಂಡು ಕುಡಿಯೇ, ಮಹಾರಾಣಿ.”

ನೀನು ಕುಡಿದೆ. ಕಷಾಯ ನಿಲ್ಲಿಸಿ ಎಂದು ಕೇಳಲು ಬಂದ ನಿನ್ನ ಅಮ್ಮನನ್ನು ನಾನು ಗೇಟಿನಿಂದಲೇ ಕಳಿಸಿದೆ.

ನಿನ್ನೆ ಹಿತ್ತಲಿನ ಬಳ್ಳಿಯನ್ನು ಬೇರುಸಹಿತ ಅಗೆದು, ಚೀಲಕ್ಕೆ ಹಾಕಿಕೊಂಡು ಕೃಷ್ಣರಾಜಪುರದ ಬಸ್ಸು ಹತ್ತಿದೆ. ನಿನ್ನ ಅಮ್ಮ ಕುರ್ಚಿ ತೋರಿಸಿದರು. ನಾನು ನೆಲದ ಮೇಲೆ ಕುಳಿತೆ. ಬಳ್ಳಿಯನ್ನು ಅವರ ಮುಂದಿಟ್ಟು, ಡಾಕ್ಟರು ಹೇಳಿದ್ದನ್ನೂ, ಡಾಕ್ಟರಿಗೆ ನಾನು ಹೇಳದೆ ಬಂದದ್ದನ್ನೂ ಹೇಳಿದೆ.