ಒಡಪಿಲ್ಲದ ಹೆಸರು

ಅಜನಿ, ನಾಗಪುರ
ರವಿವಾರ, ೧೯–೨–೧೯೫೬

ವಿಜಯಾಳ ಅಪ್ಪನವರಿಗೆ ಕೃಷ್ಣವೇಣಿ ಮಾಡುವ ನಮಸ್ಕಾರಗಳು.

ಮದ್ರಾಸಿನ ನೀರು ನಿಮಗೆ ಒಗ್ಗಿತೋ ಇಲ್ಲವೋ ಎಂಬ ಚಿಂತೆ ನನಗಿನ್ನೂ ಹೋಗಿಲ್ಲ. ಹಿಂದಿನ ಪತ್ರದಲ್ಲಿ ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದಿರಿ. ಈ ಪತ್ರದಲ್ಲಿ ಕೆಮ್ಮಿನ ಸುದ್ದಿಯೇ ಇಲ್ಲ. ಸುದ್ದಿ ಇಲ್ಲವೆಂದರೆ ಹೆಚ್ಚಾಗಿದೆ ಎಂದೇ ನಾನು ತಿಳಿಯುವುದು. ಕಟ್ಟಿಕೊಟ್ಟ ಜೇಷ್ಠಮಧು ಪೆಟ್ಟಿಗೆಯ ತಳದಲ್ಲಿ, ಬನಿಯನ್ನುಗಳ ಕೆಳಗಿದೆ. ನೀವು ತೆಗೆದಿರಲಿಕ್ಕಿಲ್ಲ, ಇವತ್ತಾದರೂ ತೆಗೆಯಿರಿ. ಇಲ್ಲಿ ನಾವು ಮೂವರೂ ಆರಾಮ. ಚಳಿ ಹೋದ ಮೇಲೆ ಅತ್ತೆಯವರ ಮೊಣಕಾಲು ಸ್ವಲ್ಪ ಸುಧಾರಿಸಿದೆ. ಸಂಜೆ ತಾವೇ ಗೇಟಿನವರೆಗೆ ನಡೆದು, ಸಂತ್ರಾ ಮಾರುವವಳ ಜತೆ ಜಗಳ ಮಾಡಿ, ಎರಡು ಹಣ್ಣು ಹೆಚ್ಚಿಗೆ ಹಾಕಿಸಿಕೊಂಡು ಬರುತ್ತಾರೆ. ವಿಜಯಾ ನಿಮ್ಮ ಪತ್ರವನ್ನು ತಾನೇ ಓದುತ್ತೇನೆಂದು ಹಟ ಹಿಡಿದಳು. ಮರಾಠಿ ಶಾಲೆಯ ಹುಡುಗಿ, ಒಂದೊಂದೇ ಕನ್ನಡ ಅಕ್ಷರ ಕೂಡಿಸಿ ಅರ್ಧ ಪುಟಕ್ಕೆ ಸುಸ್ತಾದಳು. ಒಳ್ಳೆಯದೇ ಆಯಿತು, ಉಳಿದರ್ಧ ಪುಟ ಅವಳು ಓದುವಂಥದ್ದಾಗಿರಲಿಲ್ಲ.

ಬುಧವಾರ ಬಂದ ಆ ಪತ್ರವನ್ನು ನಾನು ಮೂರು ಸಲ ಓದಿದೆ. ವ್ಯಾಸರಾಜರಾಯರು ನಮ್ಮ ಚಿತ್ರಕ್ಕೆ ಬಂಡವಾಳ ಹಾಕಲು ಒಪ್ಪಿದ್ದಾರೆ, ಮೇ ತಿಂಗಳಿಗೆ ಸ್ಟುಡಿಯೋ ಸಿಗುತ್ತದೆ, ‘ಕೊನೆಯ ದೃಶ್ಯದಲ್ಲಿ ಒಂದು ಸಣ್ಣ ಬದಲಾವಣೆ ಮಾತ್ರ’ ಎಂದು ಬರೆದಿದ್ದೀರಿ. ವಿಚಾರಣೆಯ ಅಧಿಕಾರಿಯ ಮುಂದೆ ನಿಂತ ವಿಧವೆ ಗಂಡನ ಹೆಸರನ್ನು ನೇರವಾಗಿ ಹೇಳಬಾರದು, ಒಡಪು ಹಾಕಿ ಹೇಳಬೇಕು, ಒಡಪು ಹಾಡಾಗಬೇಕು, ಹಾಡು ಮುಗಿಯುವಾಗ ಅಧಿಕಾರಿಯ ಕಣ್ಣಲ್ಲಿ ನೀರು ಬರಬೇಕು. ಹಿಂದೆ ವೀಣೆಯೂ ಇರುತ್ತದಂತೆ. ‘ಸಣ್ಣ’ ಎಂಬ ಮಾತನ್ನು ನೀವೇ ಬರೆದಿರಾ, ಇಲ್ಲ ರಾಯರು ಪಕ್ಕದಲ್ಲಿ ಕೂತು ಬರೆಸಿದರಾ ಎಂದು ಅಕ್ಷರವನ್ನು ಬೆಳಕಿಗೆ ಹಿಡಿದು ನೋಡಿದೆ. ನಿಮ್ಮದೇ ಕೈ. ನನಗೆ ಸಿಟ್ಟು ಬಂದಿದೆ. ಬಂದಿಲ್ಲ ಎಂದು ಬರೆದರೆ ನೀವು ನಂಬುವುದೂ ಇಲ್ಲ, ಹನ್ನೆರಡು ವರ್ಷ ನನ್ನ ಜತೆ ಸಂಸಾರ ಮಾಡಿದ್ದೀರಿ.

ಒಡಪಿನ ಮೇಲೆ ನನಗೇನೂ ದ್ವೇಷವಿಲ್ಲ. ನಮ್ಮ ಮದುವೆಯಲ್ಲಿ ನಿಮ್ಮ ಅಕ್ಕ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದಾಗ ನಾನೂ ಬೆಳ್ಳಿ ಬಟ್ಟಲು, ಮಲ್ಲಿಗೆ ದಂಡೆ ಎಂದೆಲ್ಲ ಪ್ರಾಸ ಕೂಡಿಸಿ, ಕೊನೆಯಲ್ಲಿ ನಿಮ್ಮ ಹೆಸರು ಸೇರಿಸಿ ಒಳಗೆ ಕಾಲಿಟ್ಟವಳೇ. ಅದಾದ ಮೇಲೆ ಇವತ್ತಿನವರೆಗೆ ಆ ಹೆಸರು ನನ್ನ ಬಾಯಿಂದ ಬಂದಿಲ್ಲ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟದ್ದನ್ನು ಮ್ಯಾಟ್ರಿಕ್ ಮುಗಿಸಿದರೂ ಮೀರಲು ಆಗಿಲ್ಲ. ನಂಬಿಕೆಯೋ ರೂಢಿಯೋ ನನಗೇ ಗೊತ್ತಿಲ್ಲ. ಆದರೆ ಒಡಪು ಇರುವುದು ಮದುವೆ ಮನೆಗೆ, ಸೀಮಂತಕ್ಕೆ, ಎಲ್ಲರೂ ನಕ್ಕು ಹಗುರಾಗುವ ಹೊತ್ತಿಗೆ. ಆ ವಿಧವೆ, ನಮ್ಮ ಲಕ್ಷ್ಮವ್ವ, ನಿಂತಿದ್ದ ಜಾಗ ಅಂಥದ್ದಾಗಿರಲಿಲ್ಲ.

ಇದನ್ನೆಲ್ಲ ನನ್ನ ಬಾಯಿಂದಲೇ ಕೇಳಿ ಚಿತ್ರಕಥೆ ಬರೆದವರು ನೀವು. ಆದರೂ ಮದ್ರಾಸಿನಲ್ಲಿ ಮರೆತ ಹಾಗೆ ಕಾಣುತ್ತದೆ, ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ. ನಾಲ್ಕು ವರ್ಷದ ಹಿಂದೆ ಹತ್ತಿ ಸುಗ್ಗಿಯಲ್ಲಿ ನಮ್ಮ ಮನೆಯ ಹಿಂದಿನ ಚಾಳಿನ ಹನುಮಪ್ಪ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಬಾಯ್ಲರು ಒಡೆದು ಸತ್ತ. ವಿಜಾಪುರದ ಕಡೆಯವನು, ಹನ್ನೊಂದು ವರ್ಷ ಅದೇ ಬಾಯ್ಲರಿಗೆ ಕಲ್ಲಿದ್ದಲು ಹಾಕಿದವನು. ಮುಖ ಗುರುತು ಸಿಗುವ ಹಾಗೆ ಉಳಿದಿರಲಿಲ್ಲ. ಅವನ ಹೆಂಡತಿ ಲಕ್ಷ್ಮವ್ವನಿಗೆ ಮರಾಠಿ ಬಾರದು, ಹಿಂದಿಯೂ ಬಾರದು. ಮರುದಿನ ಜಿನ್ನಿನ ಗುಮಾಸ್ತ ಸತ್ತವನ ಹೆಸರು ಬರೆದುಕೊಳ್ಳಲು ಬಂದಾಗ ದುಭಾಷಿಯಾಗಿ ನಾನು ಪಕ್ಕದಲ್ಲಿ ನಿಂತೆ. ಗಂಡನ ಹೆಸರೇನು ಎಂದರೆ ಅವಳು ಹೇಳಲಿಲ್ಲ. ಸತ್ತವನ ಆಯುಷ್ಯ ಇನ್ನೆಷ್ಟು ಕಡಿಮೆಯಾಗುವುದಿತ್ತು, ಆದರೂ ಅವಳಿಗೆ ಬಾಯಿ ಬರಲಿಲ್ಲ. ‘ಓಣಿ ಗುಡ್ಯಾಗಿನ ಮಾರುತಿದೇವರ ಹೆಸರ ರೀ’ ಎಂದಳು. ಪುಸ್ತಕದಲ್ಲಿ ‘ಮಾರುತಿ’ ಎಂದೇ ಬಿತ್ತು. ಹಾಜರಿ ಪಟ್ಟಿಯಲ್ಲಿ ಮಾರುತಿ ಎನ್ನುವವನು ಇರಲೇ ಇಲ್ಲ. ಮಾಲೀಕರಿಗೆ ಅಷ್ಟೇ ಬೇಕಿತ್ತು. ಯಾರೋ ಮಾರುತಿ ಎಂಬ ಹೊರಗಿನವನು ಬಾಯ್ಲರ್ ಕೋಣೆಗೆ ನುಗ್ಗಿ ಏನೋ ತಿರುವಿದ, ಅದಕ್ಕೇ ಒಡೆಯಿತು ಎಂದು ಬರೆದು ಕೈತೊಳೆದುಕೊಂಡರು. ಹಾಗಾದರೆ ಹನುಮಪ್ಪ ಎಲ್ಲಿ ಎಂದರೆ, ಅವನು ಕೆಲಸ ಬಿಟ್ಟು ಓಡಿಹೋಗಿದ್ದಾನೆ ಎಂದರು. ಜತೆಯ ಕೆಲಸಗಾರರು ತಮ್ಮ ಅನ್ನಕ್ಕೆ ಕುತ್ತು ಬಂದೀತೆಂದು ಬಾಯಿ ಬಿಡಲಿಲ್ಲ. ಎಂಟು ತಿಂಗಳು ಲಕ್ಷ್ಮವ್ವ ಓಡಿಹೋದವನ ಹೆಂಡತಿಯಾಗಿ ಬದುಕಿದಳು. ಹೊಸದಾಗಿ ಚಾಳಿಗೆ ಬಂದ ಹೆಂಗಸರು ಅವಳ ಬರಿಯ ಹಣೆ ನೋಡಿ, ಗಂಡ ಎಲ್ಲೋ ಬದುಕಿರುವಾಗ ಇದೇನು ವೇಷ ಎಂದು ಆಡಿಕೊಂಡರು.

ಕೊನೆಗೆ ವಿಚಾರಣೆಗೆ ಕರೆ ಬಂತು. ಸೀತಾಬರ್ಡಿಯ ಕಚೇರಿಯವರೆಗೆ ಟಾಂಗಾದಲ್ಲಿ ನಾನೂ ಲಕ್ಷ್ಮವ್ವನೂ ಇಬ್ಬರೇ ಹೋದೆವು. ಅಧಿಕಾರಿ ಗಂಡನ ಹೆಸರು ಕೇಳಿದ, ನಾನು ಆ ಪ್ರಶ್ನೆಯನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ, ಅವಳು ತಲೆ ತಗ್ಗಿಸಿದಳು. ಮಾಲೀಕರ ಕಡೆಯ ವಕೀಲನಿಗೆ ಮೋಜೆನಿಸಿತು. ‘ಬಾಯಿ, ಉಖಾಣಾ ಘ್ಯಾ’ ಎಂದ. ಒಡಪು ಹಾಕಿ ಹೇಳು ತಾಯಿ ಎಂದು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮರಾಠಿ ಬಾರದ ಲಕ್ಷ್ಮವ್ವನಿಗೆ ಆ ಒಂದು ಮಾತು ಮಾತ್ರ ನಾನು ಹೇಳದೆಯೇ ಅರ್ಥವಾಯಿತು. ತಲೆಯೆತ್ತಿದಳು. ‘ಹನುಮಪ್ಪ’ ಎಂದಳು. ‘ನನ್ನ ಗಂಡನ ಹೆಸರ ಹನುಮಪ್ಪ. ಬರಕೋರಿ. ಓಡಿ ಹೋಗಿಲ್ಲ ಅಂವ, ಅಲ್ಲೇ ಸತ್ತಾನ.’ ಆಮೇಲೆ ಯಾರೂ ನಗಲಿಲ್ಲ. ಅಧಿಕಾರಿಯ ಕಣ್ಣಲ್ಲಿ ನೀರೇನೂ ಬರಲಿಲ್ಲ. ಆತ ಬರೆದುಕೊಂಡು ಮುಂದಿನ ಪ್ರಶ್ನೆ ಕೇಳಿದ. ವಾಪಸು ಬರುವಾಗ ಟಾಂಗಾ ಹತ್ತಲು ಹೋಗಿ ಅವಳು ಎರಡು ಸಲ ಜಾರಿದಳು. ನಡೆದದ್ದು ಇಷ್ಟೇ. ಇದನ್ನು ಕೇಳಿದ ದಿನ ನೀವು ಊಟ ಬಿಟ್ಟು ಕೂತಿದ್ದಿರಿ. ಮಾಡಿದರೆ ಇದನ್ನೇ ಚಿತ್ರ ಮಾಡಬೇಕು, ಯಾರ ಕೈಕೆಳಗೂ ಅಲ್ಲ, ನಾವೇ ಮಾಡಬೇಕು ಎಂದವರು ನೀವು. ಸಂಬಳವಿಲ್ಲದ ರಜೆ ಹಾಕಿ ರೈಲು ಹತ್ತಿದವರೂ ನೀವೇ. ಅವತ್ತು ಆ ವಕೀಲ ಲಕ್ಷ್ಮವ್ವನನ್ನು ಕೇಳಿದ್ದನ್ನೇ ಇವತ್ತು ವ್ಯಾಸರಾಜರಾಯರು ನಿಮ್ಮನ್ನು ಕೇಳುತ್ತಿದ್ದಾರೆ. ಅವಳು ಆಗ ಒಪ್ಪಲಿಲ್ಲ. ಅವಳ ಪರವಾಗಿ ನೀವು ಈಗ ಹೇಗೆ ಒಪ್ಪುತ್ತೀರಿ?

ನಿಮ್ಮ ಪತ್ರ ಬಂದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ನಿನ್ನೆ ಮಧ್ಯಾಹ್ನ ಲಕ್ಷ್ಮವ್ವನನ್ನು ಕರೆದು ಕೂರಿಸಿ ಹಾಡಿನ ವಿಷಯ ಹೇಳಿದೆ. ಅವಳು ನಕ್ಕಳು. ‘ನನಗ ಹಾಡಾಕ ಬರತಿದ್ರ ಆವತ್ತ ಹಾಡತಿದ್ನಲ್ರೀ ಅಕ್ಕಾರ’ ಎಂದಳು. ಹೋದ ದಸರೆಯಲ್ಲಿ ನೀವು ಅವಳ ಅಪ್ಪಣೆ ಕೇಳಿದಾಗ ಅವಳು ಹಾಕಿದ ಷರತ್ತು ಒಂದೇ, ನೆನಪಿರಬೇಕು: ‘ನಡದದ್ದ ತೋರಸ್ರಿ, ಬ್ಯಾರೆ ಏನೂ ಹಾಕಬ್ಯಾಡ್ರಿ.’ ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದಿರಿ. ನಿನ್ನೆ ನಾನು ಚಿತ್ರಕಥೆಯನ್ನು ಮೊದಲಿನಿಂದ ಅವಳಿಗೆ ಓದಿ ಹೇಳಿದೆ. ಜೋಳ ಹಸನು ಮಾಡುತ್ತ ಕೇಳಿದಳು. ನೀವು ಗುಮಾಸ್ತನನ್ನು ಬೀಡಿ ಸೇದುತ್ತ, ಅರ್ಧ ಕೇಳಿ ಅರ್ಧ ಬರೆಯುವ ಮೈಗಳ್ಳನನ್ನಾಗಿ ತಂದಿದ್ದೀರಲ್ಲ, ಅಲ್ಲಿ ಮಾತ್ರ ಅವಳ ಕೈ ನಿಂತಿತು. ‘ಗುಮಾಸ್ತ ಪಾಪದಾಂವ ರೀ, ಹೇಳಿದ್ದ ಬರಕೊಂಡ’ ಎಂದು ನನ್ನ ಮುಖ ನೋಡಿದಳು. ನಾನು ಪುಟ ತಿರುಗಿಸಿದೆ.

ಅತ್ತೆಯವರು ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಾರೆ. ‘ಹೆಂಗಸು ಗಂಡನ ಹೆಸರು ಹೇಳೋದನ್ನ ನೋಡಲಿಕ್ಕೆ ಜನ ಟಿಕೀಟು ತಗೊಂಡು ಟಾಕೀಜಿಗೆ ಬರತಾರೇನ?’ ಎಂದು ಮೊದಲು ನನ್ನನ್ನೇ ಗದರಿಸಿದರು. ರಾತ್ರಿ ಊಟಕ್ಕೆ ಕೂತಾಗ ತಾವಾಗಿಯೇ ಮಾತು ತೆಗೆದು, ‘ಉಮಾಕಾಂತಗ ಬರಿ, ಆಕಿ ಕೋರ್ಟಿನಾಗ ಹಾಡು ಹೇಳಿದಳು ಅಂದ್ರ ನಾ ಅರ್ಧಕ್ಕೆ ಎದ್ದು ಬರತೇನಿ ಅಂತ’ ಎಂದರು. ಹೆಸರೂ ಸೇರಿ, ಇದನ್ನು ತಾವು ಹೇಳಿದಂತೆಯೇ ಬರೆಯಬೇಕೆಂದು ಆಣೆ ಹಾಕಿಸಿಕೊಂಡಿದ್ದಾರೆ. ನಿಮ್ಮ ಚಿತ್ರದ ಮೊದಲ ಪ್ರೇಕ್ಷಕರ ಮಾತು, ಗಮನದಲ್ಲಿರಲಿ.

ರಾಯರು ಕೈಬಿಟ್ಟರೆ ಚಿತ್ರವೇ ಇಲ್ಲ ಎಂದು ನೀವು ಹೆದರಿದ್ದೀರಿ. ಹೊಸ ಕನ್ನಡ ರಾಜ್ಯ ಬರುತ್ತಿರುವಾಗ ಜನಕ್ಕೆ ನಮ್ಮ ಸಂಸ್ಕೃತಿಯ ಸೊಗಸು ತೋರಿಸಬೇಕು ಎಂದು ಅವರು ಹೇಳಿದರಂತೆ. ಲಕ್ಷ್ಮವ್ವನ ಊರೂ ಆ ರಾಜ್ಯಕ್ಕೇ ಸೇರುತ್ತದೆ ಎಂದು ಅವರಿಗೆ ತಿಳಿಸಿ. ಕೈಬಿಡುವುದಿದ್ದರೆ ಬಿಡಲಿ. ಸ್ಟುಡಿಯೋದಲ್ಲಿ ರಟ್ಟಿನ ಜಿನ್ನು ಕಟ್ಟಿ ಅದರ ಮುಂದೆ ರೇಷ್ಮೆ ಸೀರೆಯವಳನ್ನು ನಿಲ್ಲಿಸುವ ಬದಲು ಇಲ್ಲಿಗೆ ಬಂದುಬಿಡಿ. ಸುಗ್ಗಿ ಮುಗಿದ ಮೇಲೆ ಅರ್ಧ ಜಿನ್ನುಗಳಿಗೆ ಬೀಗ ಬೀಳುತ್ತದೆ. ಕಾಮಠಿ ರಸ್ತೆಯ ಒಂದು ಹಳೆಯ ಜಿನ್ನಿನವರ ಸೊಸೆ ನನ್ನ ಜತೆ ಶಾಲೆಗೆ ಬಂದವಳು. ಶುಕ್ರವಾರ ಅವಳ ಮನೆಗೆ ಹೋಗಿ ಕೇಳಿಬಂದಿದ್ದೇನೆ. ಮೇ ತಿಂಗಳಲ್ಲಿ ಹದಿನೈದು ದಿನ ಅಂಗಳ, ಬಾಯ್ಲರ್ ಕೋಣೆ ಎರಡೂ ನಮಗೆ ಬಿಟ್ಟುಕೊಡುತ್ತಾರೆ. ಆಗಿನ ನಾಗಪುರದ ಬಿಸಿಲಿಗೆ ಬಾಯ್ಲರು ಹೊತ್ತಿಸುವ ಖರ್ಚೂ ಉಳಿಯುತ್ತದೆ. ಹಳೆಯದೊಂದು ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಧ್ವನಿಯನ್ನು ಆಮೇಲೆ ಕೂಡಿಸಬಹುದು ಎಂದು ಜನವರಿಯಲ್ಲಿ ನೀವೇ ಬರೆದಿದ್ದಿರಿ. ಚಾಳಿನ ಹೆಂಗಸರು ಚಾಳಿನ ಹೆಂಗಸರಾಗಿ ನಿಲ್ಲಲು ತಯಾರಿದ್ದಾರೆ, ಸೀರೆ ಯಾವುದು ಉಡಬೇಕೆಂದು ಮಾತ್ರ ದಿನಕ್ಕೆ ನಾಲ್ಕು ಸಲ ಬಂದು ಕೇಳುತ್ತಾರೆ. ಚಿತ್ರ ಎರಡು ವರ್ಷ ಹಿಡಿಯಲಿ. ಯಾರೂ ಕೊಳ್ಳದಿದ್ದರೆ ಇಲ್ಲಿಯ ಕನ್ನಡ ಸಂಘದ ಅಂಗಳದಲ್ಲಿ ನಿಮ್ಮ ಬಿಳಿ ಧೋತರ ಕಟ್ಟಿ ನಾವೇ ತೋರಿಸೋಣ. ಅಲ್ಲಿ ಕೂತು ನೋಡುವಾಗ ಲಕ್ಷ್ಮವ್ವನ ಎದುರು ನಾನು ತಲೆ ತಗ್ಗಿಸುವಂತಾಗಬಾರದು, ನನಗೆ ಬೇಕಾದದ್ದು ಇಷ್ಟೇ.

ಹೆಂಡತಿ ಗಂಡನಿಗೆ ಹೀಗೆ ಬರೆಯಬಹುದೇ ಎಂದು ಒಂದು ಕ್ಷಣ ಪೆನ್ನು ನಿಲ್ಲಿಸಿದ್ದೆ, ಮತ್ತೆ ಬರೆದೆ. ರಾಯರಿಗೆ ಆಗುವುದಿಲ್ಲ ಎಂದು ಹೇಳಿದ ದಿನವೇ ನನಗೊಂದು ಕಾಗದ ಹಾಕಿ. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಸಂತ್ರಾ ಕಳಿಸಲೇ ಎಂದು ಕೇಳಿದ್ದಾರೆ. ವಿಜಯಾ ಕೆಳಗೆ ಕನ್ನಡದಲ್ಲಿ ತನ್ನ ಹೆಸರು ಬರೆದಿದ್ದಾಳೆ, ಜಕಾರ ತಿರುವುಮುರುವಾಗಿದೆ, ನಗಬೇಡಿ. ಕೆಮ್ಮಿಗೆ ಔಷಧಿ ತಗೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಎದೆ ಗಟ್ಟಿಯಿರಲಿ.

ನಿಮ್ಮವಳು,
ಕೃಷ್ಣವೇಣಿ

ತಾ. ಕ.: ಪಾಕೀಟು ಅಂಟಿಸಿದ್ದೆ, ಮತ್ತೆ ಬಿಚ್ಚಿ ಅವಸರದಲ್ಲಿ ಬರೆಯುತ್ತಿದ್ದೇನೆ. ಗುಮಾಸ್ತನ ದೃಶ್ಯವನ್ನೂ ತಿದ್ದಬೇಕು. ಮಾರುತಿದೇವರ ಹೆಸರು ಎಂದು ಲಕ್ಷ್ಮವ್ವ ಹೇಳಿದ್ದು ನನಗೆ, ಕನ್ನಡದಲ್ಲಿ. ಅವನಿಗೆ ಅದು ತಿಳಿಯುವಂತೆಯೇ ಇರಲಿಲ್ಲ. ಅವನ ಕಡೆ ತಿರುಗಿ ‘ಮಾರುತಿ’ ಎಂದವಳು ನಾನು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಬೇಗ ಮುಗಿದರೆ ಸಾಕಾಗಿತ್ತು. ಹನುಮಪ್ಪನ ಹೆಸರು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ, ಆದರೆ ಅವಳು ಹೆಸರನ್ನು ಸುತ್ತಿ ಬಳಸಿ ಹೇಳುತ್ತಿದ್ದಾಳೆ ಎಂದು ಅದೇ ರೂಢಿಯಲ್ಲಿ ಬೆಳೆದ ನನಗೆ ಆಗಲೇ ಹೊಳೆಯಬೇಕಿತ್ತು. ಸಂಜೆಗೆ ಹೊಳೆಯಿತು. ನಾಳೆ ಹೋಗಿ ತಿದ್ದಿಸಿದರಾಯಿತು ಎಂದುಕೊಂಡೆ. ಆಮೇಲೆ ಹೋಗಲು ನಾಚಿಕೆಯಾಯಿತು. ಹಾಗೆಯೇ ಎಂಟು ತಿಂಗಳಾಯಿತು. ನಿಮಗೆ ಹೇಳುವಾಗ ತಪ್ಪನ್ನು ಗುಮಾಸ್ತನ ತಲೆಗೆ ಕಟ್ಟಿದೆ. ಲಕ್ಷ್ಮವ್ವನಿಗೆ ಮೊದಲಿನಿಂದಲೂ ಗೊತ್ತು, ಒಂದು ದಿನವೂ ಎತ್ತಿ ಆಡಿಲ್ಲ. ಅವನ ಬೀಡಿ ತೆಗೆದುಹಾಕಿ. ಪಕ್ಕದಲ್ಲಿ ನಾಲ್ಕಕ್ಷರ ಓದಿದ ಹೆಂಗಸೊಬ್ಬಳನ್ನು ನಿಲ್ಲಿಸಿ, ತಪ್ಪು ಅವಳ ಬಾಯಿಂದ ಬರಲಿ. ಅವಳಿಗೆ ಬೇರೆ ಹೆಸರು ಹುಡುಕಬೇಡಿ, ಕೃಷ್ಣವೇಣಿ ಎಂದೇ ಇಡಿ.